ಸ್ಯಾಂಟ್ರಿಯ ಕಿಟಕಿಗೊಂದು ಕಾಗದದ ನಕ್ಷತ್ರ

ಡಬ್ಲಿನ್ ನಗರದ ಉತ್ತರದಲ್ಲಿ, ಸ್ವೋರ್ಡ್ಸ್ ಪಟ್ಟಣದ ಕಡೆಗೆ ಹೊರಟ ಹಳೆಯ ರಸ್ತೆಯು ವಿಮಾನನಿಲ್ದಾಣವನ್ನು ಮುಟ್ಟುವ ಮುನ್ನ ಹಾದುಹೋಗುವ ಸ್ಯಾಂಟ್ರಿ ಎಂಬ ಬಡಾವಣೆಯನ್ನು, ಕ್ರೀಡೆಯ ಇತಿಹಾಸವನ್ನು ಬಲ್ಲವರು, 1958ರ ಆಗಸ್ಟ್ 6ರಂದು ಆಸ್ಟ್ರೇಲಿಯದ ಹರ್ಬ್ ಎಲಿಯಟ್ ಅಲ್ಲಿಯ ಓಟದ ಅಂಗಳದಲ್ಲಿ ಒಂದು ಮೈಲಿಯನ್ನು 3 ನಿಮಿಷ 54.5 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯನ್ನು ಸ್ಥಾಪಿಸಿದ ಸ್ಥಳವೆಂದು ನೆನೆಯುತ್ತಾರೆ. ಆದರೆ ಈಗ ಅಲ್ಲಿ ಸಂಸಾರ ಹೂಡಿರುವ ಹೊರನಾಡಿಗರಿಗೆ ಆ ಊರು ಮುಖ್ಯವಾಗಿ ಎರಡು ಸ್ಥಾನಗಳ ನಡುವಣ ವಸತಿ: ಒಂದು ಕಡೆ 1987ರಲ್ಲಿ ತೆರೆದ ಬೋಮಾಂಟ್ ಆಸ್ಪತ್ರೆ, ಇನ್ನೊಂದು ಕಡೆ ತಮ್ಮನ್ನು ತಂದಿಳಿಸಿದ, ರಜೆ ದೊರೆತಾಗ ಮರಳಿ ಕೊಂಡೊಯ್ಯುವ ವಿಮಾನನಿಲ್ದಾಣ. 2000ದ ಸುಮಾರಿನಿಂದ ಐರ್ಲೆಂಡಿನ ಆಸ್ಪತ್ರೆಗಳು ಫಿಲಿಪೀನ್ಸ್ ದೇಶದಿಂದ ದೊಡ್ಡ ಸಂಖ್ಯೆಯಲ್ಲಿ ದಾದಿಯರನ್ನು ಬರಮಾಡಿಕೊಳ್ಳಲು ತೊಡಗಿದುವು. ಅವರ ಹಿಂದುಮುಂದಾಗಿ ಕೇರಳದವರೂ ಕರ್ನಾಟಕದವರೂ ಬಂದರು. ಹೀಗಾಗಿ, ಒಂದೇ ವಾರ್ಡಿನಲ್ಲಿ ರಾತ್ರಿಯ ಪಾಳಿ ಮುಗಿಸಿದ ಮಂಗಳೂರಿನ ಹೆಣ್ಣುಮಗಳೂ ಮನಿಲಾದ ಹೆಣ್ಣುಮಗಳೂ ಒಂದೇ ಬಸ್ಸಿನಲ್ಲಿ ಮನೆಗೆ ಮರಳುವುದು ಈ ಭಾಗದಲ್ಲಿ ಅಪೂರ್ವವೇನಲ್ಲ.

ಇಂತಹ ನೆರೆಹೊರೆಯಲ್ಲಿ ಬಾಳುತ್ತಿರುವ ಕನ್ನಡ ಕುಟುಂಬಗಳಿಗೆ ಡಿಸೆಂಬರ್ ತಿಂಗಳು ಬಂತೆಂದರೆ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ದೀಪಾವಳಿ ಮುಗಿದು ವಾರಗಳಾಗಿವೆ, ಸಂಕ್ರಾಂತಿ ಇನ್ನೂ ದೂರವಿದೆ, ಹೊರಗೆ ನಾಲ್ಕು ಗಂಟೆಗೇ ಕತ್ತಲು ಕವಿಯುತ್ತಿದೆ. ಮಕ್ಕಳು ಶಾಲೆಯಿಂದ ಬರಿಯ ಕ್ರಿಸ್ಮಸ್ಸಿನ ಸುದ್ದಿಯನ್ನೇ ಹೊತ್ತು ತರುತ್ತಿರುವಾಗ ನಾವು ಈ ಸಂಭ್ರಮದಲ್ಲಿ ಯಾವ ರೀತಿಯಿಂದ ಭಾಗಿಗಳಾಗಬೇಕು? ಅಂಗಡಿಯಿಂದ ಮಿಣುಕುವ ಸರಗಳನ್ನು ಕೊಂಡು ತಂದು ತೂಗುಹಾಕುವುದು ಸುಲಭವಾದ ಉತ್ತರ. ಅದಕ್ಕಿಂತ ತುಸು ಶ್ರಮದ, ಆದರೆ ಹೆಚ್ಚು ಫಲದ ಉತ್ತರವೊಂದು ಮೇಲಿನ ಮಹಡಿಯ ಫಿಲಿಪಿನೋ ಮನೆಯಲ್ಲಿದೆ. ಬಿದಿರಿನ ಕಡ್ಡಿ, ತೆಳುಕಾಗದ, ಹಿಟ್ಟಿನ ಅಂಟು—ಇಷ್ಟರಿಂದಲೇ ಕಟ್ಟುವ ಪರೋಲ್ ಎಂಬ ನಕ್ಷತ್ರದೀಪ ಅದು. ತುಳುನಾಡಿನ ಗೂಡುದೀಪವನ್ನಾಗಲಿ ಉತ್ತರ ಕರ್ನಾಟಕದ ಆಕಾಶಬುಟ್ಟಿಯನ್ನಾಗಲಿ ಬಾಲ್ಯದಲ್ಲಿ ಕಟ್ಟಿದ ಕೈಗಳಿಗೆ ಈ ವಿದ್ಯೆಯ ಮುಕ್ಕಾಲುಪಾಲು ಮೊದಲೇ ಗೊತ್ತು. ಉಳಿದ ಕಾಲುಪಾಲನ್ನು ನೆರೆಯವರ ಮೇಜಿನ ಬಳಿ ಕುಳಿತು ಕಲಿತುಕೊಂಡರೆ ಹಬ್ಬದೊಡನೆ ಹಬ್ಬದ ಜನವೂ ಪರಿಚಿತರಾಗುತ್ತಾರೆಂಬುದೇ ಈ ಲೇಖನದ ಪ್ರತಿಪಾದನೆ.

ನಕ್ಷತ್ರ ಹುಟ್ಟಿದ ನಗರ

ಮನಿಲಾ ನಗರದ ಉತ್ತರಕ್ಕಿರುವ ಪಂಪಾಂಗಾ ಪ್ರಾಂತದ ರಾಜಧಾನಿ ಸಾನ್ ಫರ್ನಾಂಡೊ. 1904ರವರೆಗೆ ಈ ರಾಜಧಾನಿಯ ಪದವಿ ನೆರೆಯ ಬಾಕೊಲೊರ್ ಪಟ್ಟಣಕ್ಕಿತ್ತು. ಅಧಿಕಾರ ಸ್ಥಳಾಂತರಗೊಂಡಾಗ ಅಲ್ಲಿಯ ದೀಪದ ಮೆರವಣಿಗೆಯ ಸಂಪ್ರದಾಯವೂ ಅದರ ಬೆನ್ನುಹಿಡಿದು ಬಂದಿತೆಂದು ಹೇಳುತ್ತಾರೆ. ಬಿದಿರು, ಕಾಗದಗಳ ಐದು ಮೂಲೆಯ ನಕ್ಷತ್ರವನ್ನು 1908ರಲ್ಲಿ ಮೊದಲು ಕಟ್ಟಿದವನು ಪಂಪಾಂಗಾದ ಕುಶಲಕರ್ಮಿ ಫ್ರಾನ್ಸಿಸ್ಕೊ ಎಸ್ತಾನಿಸ್ಲಾವೊ ಎಂಬುದು ಅಲ್ಲಿ ಪ್ರಚಲಿತವಾಗಿರುವ ಐತಿಹ್ಯ. ಬೆತ್ಲೆಹೇಮಿನ ನಕ್ಷತ್ರವನ್ನು ಸೂಚಿಸುವ ಈ ದೀಪವನ್ನು ಬೆಳಗಿನ ಪೂಜೆಗೆ ಹೋಗುವ ಹಳ್ಳಿಗರು ಕತ್ತಲ ದಾರಿಯಲ್ಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಅನಂತರ ಅದು ಕಿಟಕಿಯನ್ನೂ ಬೀದಿಯನ್ನೂ ಏರಿತು.

ಇಂದು ಸಾನ್ ಫರ್ನಾಂಡೊದಲ್ಲಿ ಕ್ರಿಸ್ಮಸ್ಸಿಗೆ ಮುಂಚೆ ನಡೆಯುವ ಲಿಗ್ಲಿಗನ್ ಪಾರುಲ್ ಎಂಬ ಸ್ಪರ್ಧೆಯಲ್ಲಿ ಊರಿನ ಕೇರಿಕೇರಿಗಳವರು ಸುಮಾರು 20 ಅಡಿ ವ್ಯಾಸದ, ಸಾವಿರಾರು ಬಲ್ಬುಗಳ ದೈತ್ಯದೀಪಗಳನ್ನು ಕಟ್ಟಿ ತಂದು ನಿಲ್ಲಿಸುತ್ತಾರೆ. ವಾದ್ಯದ ಲಯಕ್ಕೆ ಸರಿಯಾಗಿ ಆ ಬಲ್ಬುಗಳು ಹೂವಿನಂತೆ ಅರಳಿ ಮುಚ್ಚುವುದನ್ನು ಕಂಡವರು ಯಂತ್ರಗಣಕದ ಕೆಲಸವೆಂದು ಭ್ರಮಿಸುವುದುಂಟು. ಆದರೆ ಸಾಂಪ್ರದಾಯಿಕವಾದ ದೀಪದ ಹಿಂಬದಿಯಲ್ಲಿರುವುದು ಉಕ್ಕಿನ ಕೆಲವು ಪೀಪಾಯಿಗಳು ಮಾತ್ರ. ಪೀಪಾಯಿಯ ಮೈಮೇಲೆ ವಿದ್ಯುತ್ತು ಹರಿಯಬಾರದ ಕಡೆಯಲ್ಲೆಲ್ಲ ಅಂಟುಪಟ್ಟಿಯನ್ನು ಹಚ್ಚಿ, ಹರಿಯಬೇಕಾದ ಕಡೆ ಲೋಹವನ್ನು ಬರಿದಾಗಿ ಬಿಟ್ಟು, ಬಲ್ಬುಗಳ ತಂತಿಗಳ ತುದಿಗೆ ಕಟ್ಟಿದ ಕೂದಲಪಿನ್ನುಗಳು ಅದಕ್ಕೆ ಸಾಲಾಗಿ ತಾಗಿಕೊಂಡಿರುವಂತೆ ಜೋಡಿಸಿ, ಪೀಪಾಯಿಯನ್ನು ಕೈಯಿಂದ ತಿರುಗಿಸುತ್ತಾರೆ. ಪಿನ್ನು ಲೋಹವನ್ನು ಸೋಕಿದಾಗ ಬೆಳಕು, ಪಟ್ಟಿಯನ್ನು ಸೋಕಿದಾಗ ಕತ್ತಲು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಆವರಣದಲ್ಲಿ ದೀಪಾವಳಿಯ ಕಾಲದ ಗೂಡುದೀಪ ಸ್ಪರ್ಧೆಯನ್ನು ನೋಡಿದವರಿಗೆ ಈ ಕೇರಿಗಳ ಹುರುಡು ಹೊಸದಾಗಿ ತೋರದು.

ದೈತ್ಯದೀಪವು ವರ್ಷಕ್ಕೊಂದು ರಾತ್ರಿಯ ವೈಭವವಾದರೆ, ಸಣ್ಣ ನಕ್ಷತ್ರವು ಸಾಮಾನ್ಯರ ದಿನಚರಿಗೆ ಸೇರಿದುದು. ಫಿಲಿಪೀನ್ಸಿನ ಪಟ್ಟಣಗಳಲ್ಲಿ ಸೆಪ್ಟೆಂಬರ್ ಕಾಲಿಟ್ಟೊಡನೆ ಅಂಗಡಿಗಳಲ್ಲಿ ಕ್ರಿಸ್ಮಸ್ಸಿನ ಹಾಡು ಮೊದಲಾಗುತ್ತದೆ. ಮನಿಲಾದ ದಕ್ಷಿಣಕ್ಕಿರುವ ಲಾಸ್ ಪಿನ್ಯಾಸಿನಂಥ ಊರುಗಳ ರಸ್ತೆಬದಿಯಲ್ಲಿ ಪರೋಲ್ ಕಟ್ಟುವವರು ಸಾಲಾಗಿ ಮಳಿಗೆ ಹೂಡುತ್ತಾರೆ. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ, ಹೊಲದ ಕೆಲಸಕ್ಕೆ ಮೊದಲೇ ಒಕ್ಕಲುಮಕ್ಕಳಿಗೆ ಪೂಜೆ ದೊರೆಯಲೆಂದು ಬೆಳೆದುಬಂದ ಸಿಂಬಾಂಗ್ ಗಾಬಿ ಎಂಬ ನಸುಕಿನ ಬಲಿಪೂಜೆ ನಡೆಯುತ್ತದೆ. ಅದು ಮುಗಿದೊಡನೆ ಜನ ಚರ್ಚಿನ ಬಾಗಿಲಲ್ಲೇ ಬಿಬಿಂಗ್ಕಾ ಮಾರುವವರನ್ನು ಮುತ್ತುತ್ತಾರೆ. ಅಕ್ಕಿಹಿಟ್ಟು, ತೆಂಗಿನಹಾಲುಗಳ ಈ ಭಕ್ಷ್ಯವನ್ನು ಬಾಳೆಲೆಯ ಮೇಲಿಟ್ಟು ಕೆಳಗೂ ಮೇಲೂ ಕೆಂಡ ಹಾಕಿ ಬೇಯಿಸುತ್ತಾರೆ. ಅದರ ಪಕ್ಕದಲ್ಲೇ, ಕಾಸರಗೋಡಿನ ಕಡೆಯ ಪುಟ್ಟಿನ ಹಾಗೆ ಬಿದಿರಿನ ಕೊಳವೆಯಲ್ಲಿ ಹಬೆಗಿಟ್ಟು ತೆಗೆದ, ನೇರಿಳೆ ಬಣ್ಣದ ಪುತೊ ಬುಂಬೊಂಗ್. ಸಂಜೆಯಾದರೆ ಬಾಟಲಿಯ ಮುಚ್ಚಳಗಳನ್ನು ಚಪ್ಪಟೆ ಬಡಿದು ತಂತಿಗೆ ಪೋಣಿಸಿದ ತಾಳವನ್ನು ಅಲುಗಿಸುತ್ತ ಹುಡುಗರು ಮನೆಮನೆಯ ಮುಂದೆ ಹಾಡಿ ಚಿಲ್ಲರೆ ಕೇಳುತ್ತಾರೆ. ಈ ಒಂಬತ್ತು ದಿನಗಳ ನಡುವೆಯೇ ಕಛೇರಿ, ಶಾಲೆ, ಜೀಪ್ನಿ ಎಂಬ ಬಾಡಿಗೆ ವಾಹನದ ನೂಕುನುಗ್ಗಲು, ಮೂಲೆಯಂಗಡಿಯ ಸಾಲದ ಲೆಕ್ಕ ಎಲ್ಲವೂ ಎಂದಿನಂತೆ ಸಾಗುತ್ತವೆ. ಕಡೆಗೆ 24ರ ನಡುರಾತ್ರಿ ನೊಚೆ ಬುಯೆನಾ ಎಂಬ ಮನೆಯೂಟದಿಂದ ಹಬ್ಬವು ಶಿಖರವನ್ನು ಮುಟ್ಟುತ್ತದೆ.

ಮನಿಲಾ ಮತ್ತು ಬೆಂಗಳೂರು ಭೂಮಧ್ಯರೇಖೆಯಿಂದ ಬಹುಮಟ್ಟಿಗೆ ಸಮದೂರದಲ್ಲಿವೆ. ಎರಡೂ ಊರುಗಳಲ್ಲಿ ಡಿಸೆಂಬರಿನ ಹಗಲು 11 ಗಂಟೆಗೂ ಮಿಕ್ಕಿರುತ್ತದೆ. 53 ಡಿಗ್ರಿ ಉತ್ತರದಲ್ಲಿರುವ ಡಬ್ಲಿನ್ನಿನಲ್ಲಾದರೋ ಆಗಿನ ಹಗಲು ಏಳೂವರೆ ಗಂಟೆಗಳಷ್ಟೆ. ಹುಟ್ಟೂರಿನಲ್ಲಿ ಶೋಭೆಯ ವಸ್ತುವಾಗಿದ್ದ ದೀಪವು ಸ್ಯಾಂಟ್ರಿಯಲ್ಲಿ ಅವಶ್ಯಕತೆಯೇ ಆಗಿಬಿಡುವುದು ಈ ಕಾರಣದಿಂದ.

ಬೇಕಾಗುವ ಸಾಮಗ್ರಿ

ತೋಟದ ಸಾಮಾನಿನ ಅಂಗಡಿಗಳಲ್ಲಿ ಬಟಾಣಿಯ ಬಳ್ಳಿಗೆ ಆಸರೆಯಾಗಿ ಊರುವ 90 ಸೆಂಟಿಮೀಟರ್ ಉದ್ದದ ಬಿದಿರುಕೋಲುಗಳು ಕಟ್ಟಿನಲ್ಲಿ ದೊರೆಯುತ್ತವೆ. ಒಂದು ನಕ್ಷತ್ರಕ್ಕೆ ಇಂಥ ಮೂರು ಕೋಲು ಸಾಕು. ಪ್ರತಿಯೊಂದನ್ನೂ ನಡುವೆ ಗರಗಸದಿಂದ ಕೊಯ್ದರೆ 45 ಸೆಂಟಿಮೀಟರಿನ ಆರು ತುಂಡುಗಳಾಗುತ್ತವೆ. ಅವುಗಳಲ್ಲಿ ಐದನ್ನು ಉದ್ದುದ್ದಕ್ಕೆ ಎರಡಾಗಿ ಸೀಳಿದರೆ ಹತ್ತು ಕಡ್ಡಿ. ಆರನೆಯದನ್ನು ಸೀಳದೆ 9 ಸೆಂಟಿಮೀಟರಿನ ಐದು ಗೂಟಗಳನ್ನಾಗಿ ಕತ್ತರಿಸಬೇಕು. ಸೀಳುವ ಕೆಲಸ ದೊಡ್ಡವರದು. ಕೋಲಿನ ತುದಿಯ ಮೇಲೆ ಚಾಕುವಿನ ಅಲಗನ್ನಿಟ್ಟು ಮರದ ತುಂಡಿನಿಂದ ಮೆಲ್ಲನೆ ಬಡಿದರೆ ಬಿದಿರು ತಾನಾಗಿ ಬಾಯಿ ಬಿಡುತ್ತದೆ. ಅಂಚಿನ ಸಿಬಿರನ್ನು ಮರಳುಕಾಗದದಿಂದ ಉಜ್ಜದೆ ಮಕ್ಕಳ ಕೈಗೆ ಕೊಡಬಾರದು.

ಫಿಲಿಪೀನ್ಸಿನಲ್ಲಿ ಪಪೆಲ್ ದೆ ಹಪೋನ್ ಎಂದು ಕರೆಯುವ ತೆಳುಕಾಗದಕ್ಕೆ ಬದಲಾಗಿ, ಉಡುಗೊರೆಯ ಪೆಟ್ಟಿಗೆಯೊಳಗೆ ಮೆತ್ತೆಯಾಗಿ ಹಾಕುವ ಬಣ್ಣದ ಟಿಶ್ಯೂ ಕಾಗದವನ್ನು ಬಳಸಬಹುದು. ಓಮ್ನಿ ಪಾರ್ಕ್ ಮಳಿಗೆಗಳ ಸಮುಚ್ಚಯದಲ್ಲಾಗಲಿ, ಯಾವುದೇ ಲೇಖನಸಾಮಗ್ರಿಯ ಅಂಗಡಿಯಲ್ಲಾಗಲಿ ಇದು ಸಿಕ್ಕುತ್ತದೆ. ಮೈಗೆ ಮೂರು ಹಾಳೆ, ಬಾಲಕ್ಕೆ ಒಂದು ಹಾಳೆ ಧಾರಾಳವಾಯಿತು. ಇದಲ್ಲದೆ ಗಟ್ಟಿಯಾದ ಹತ್ತಿಯ ದಾರ, ಕತ್ತರಿ, ಬ್ಯಾಟರಿಯಿಂದ ಉರಿಯುವ ಎಲ್‌ಇಡಿ ದೀಪದ ಸಣ್ಣ ಸರ—ಇಷ್ಟಿದ್ದರೆ ಸರಂಜಾಮು ಪೂರ್ಣವಾಗುತ್ತದೆ.

ಅಂಟನ್ನು ಕೊಳ್ಳಬೇಕಾಗಿಲ್ಲ. ಐರ್ಲೆಂಡಿನ ಅಂಗಡಿಗಳಲ್ಲಿ ಕ್ರೀಮ್ ಫ್ಲೋರ್ ಎಂಬ ಹೆಸರಿನಲ್ಲಿ ಮಾರುವ ಹಿಟ್ಟೇ ನಮ್ಮ ಮೈದಾಕ್ಕೆ ಅತ್ಯಂತ ಸಮೀಪವಾದುದು. ಅದನ್ನು ಎರಡು ದೊಡ್ಡ ಚಮಚದಷ್ಟು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದೂವರೆ ಲೋಟ ಕುದಿಯುವ ನೀರಿಗೆ ಎಳೆಯಾಗಿ ಹೊಯ್ದು, ಬಿಳುಪು ಹೋಗಿ ತುಸು ಪಾರದರ್ಶಕವಾಗುವ ತನಕ ಕೈಬಿಡದೆ ತಿರುವಿದರೆ ಒಳ್ಳೆಯ ಅಂಟು ಸಿದ್ಧವಾಗುತ್ತದೆ. ಫಿಲಿಪಿನೋ ಮನೆಗಳಲ್ಲಿ ಇದನ್ನು ಪಿಷ್ಟದಿಂದ ಕಾಯಿಸಿ ಗಾವ್‌ಗಾವ್ ಎನ್ನುತ್ತಾರೆ. ಮೆಕ್ಕೆಜೋಳದ ಪಿಷ್ಟದ ಪುಡಿಯಿಂದಲೂ ಅದೇ ಫಲ ದೊರೆಯುತ್ತದೆ.

ಕಟ್ಟುವ ಕ್ರಮ

ಮೊದಲನೆಯದಾಗಿ, ಹತ್ತು ಕಡ್ಡಿಗಳ ಮೇಲೂ ಎರಡು ತುದಿಗಳಿಂದ 17.2 ಸೆಂಟಿಮೀಟರ್ ದೂರಕ್ಕೆ ಒಂದೊಂದು ಗುರುತು ಹಾಕಿರಿ; ನಡುವೆ 10.6 ಸೆಂಟಿಮೀಟರ್ ಉಳಿಯುತ್ತದೆ. ಐದು ಮೂಲೆಯ ನಕ್ಷತ್ರದಲ್ಲಿ ಒಂದು ಗೆರೆ ಇನ್ನೆರಡು ಗೆರೆಗಳನ್ನು ಹಾಯುವುದು ಸರಿಯಾಗಿ ಈ ಪ್ರಮಾಣದಲ್ಲಾದುದರಿಂದ, ಗುರುತಿಗೆ ಗುರುತು ಸೇರಿಸಿದರೆ ಸಾಕು, ಕೋನಮಾಪಕದ ಹಂಗಿಲ್ಲದೆ ನಕ್ಷತ್ರವು ತಾನೇ ಸಮವಾಗುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಈ ಲೆಕ್ಕವನ್ನು ಅವರಿಂದಲೇ ಮಾಡಿಸುವುದು ಮೇಲು.

ಎರಡನೆಯದಾಗಿ, ಐದು ಕಡ್ಡಿಗಳನ್ನು ನೆಲದ ಮೇಲೆ ನಕ್ಷತ್ರಾಕಾರವಾಗಿ ಹರಡಿ, ಕಡ್ಡಿಗಳು ಹಾಯುವ ಒಂದು ಸ್ಥಾನದಲ್ಲಿ ಮೇಲೆ ಹೋದ ಕಡ್ಡಿ ಮುಂದಿನ ಸ್ಥಾನದಲ್ಲಿ ಕೆಳಗೆ ಹೋಗುವಂತೆ ಹೆಣೆದು, ಐದು ತುದಿಗಳನ್ನು ದಾರದಿಂದ ಬಿಗಿಯಿರಿ. ಉಳಿದ ಐದು ಕಡ್ಡಿಗಳಿಂದ ಇಂಥದೇ ಇನ್ನೊಂದು. ಸೀಳಿದ ಚಪ್ಪಟೆಯ ಮೈ ಹೊರಗಡೆಗಿದ್ದರೆ ಮುಂದೆ ಕಾಗದ ಚೆನ್ನಾಗಿ ಹಿಡಿಯುತ್ತದೆ.

ಮೂರನೆಯದಾಗಿ, ಎರಡು ನಕ್ಷತ್ರಗಳನ್ನು ಒಂದರ ಮೇಲೊಂದಿಟ್ಟು ಐದು ಮೂಲೆಗಳನ್ನು ಜೊತೆಜೊತೆಯಾಗಿ ಬಿಗಿದುಕಟ್ಟಿ, ಒಳಗಡೆ ಕಡ್ಡಿಗಳು ಹಾಯುವ ಐದು ಸ್ಥಾನಗಳಲ್ಲಿ ಮುಂದಿನ ಚೌಕಟ್ಟಿಗೂ ಹಿಂದಿನ ಚೌಕಟ್ಟಿಗೂ ನಡುವೆ ಗೂಟಗಳನ್ನು ಒಂದೊಂದಾಗಿ ಸಿಕ್ಕಿಸಿರಿ. ಗೂಟದ ಎರಡು ತುದಿಗಳಲ್ಲೂ ಕಚ್ಚು ಕೊರೆದಿದ್ದರೆ ಅದು ಜಾರದು. ಐದನೆಯ ಗೂಟ ಕುಳಿತೊಡನೆ ಚಪ್ಪಟೆಯಾಗಿದ್ದ ನಕ್ಷತ್ರವು ಹೊಟ್ಟೆ ಉಬ್ಬಿಸಿ ನಿಲ್ಲುತ್ತದೆ. ಕಡ್ಡಿ ಬಾಗಲೊಲ್ಲದೆ ಸೆಣಸಿದರೆ ಬಲ ಪ್ರಯೋಗಿಸದೆ, ಸೀಳಿದ ಮೈಯನ್ನು ಚಾಕುವಿನಿಂದ ಇನ್ನಷ್ಟು ತೆಳುವಾಗಿ ಕೆತ್ತಿರಿ.

ನಾಲ್ಕನೆಯದು ಕಾಗದ ಹೊದಿಸುವ ಕೆಲಸ. ಈ ಚೌಕಟ್ಟಿನಲ್ಲಿ ಮುಂದೆ ಐದು, ಹಿಂದೆ ಐದು ದೊಡ್ಡ ತ್ರಿಕೋನಗಳೂ, ಮಗ್ಗುಲುಗಳಲ್ಲಿ ಹತ್ತು ಕಿರಿದಾದ ತ್ರಿಕೋನಗಳೂ, ಮುಂದೊಂದು ಹಿಂದೊಂದು ಪಂಚಕೋನಗಳೂ ಇರುತ್ತವೆ. ತ್ರಿಕೋನಗಳಿಗೆ 13 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ತುಂಡುಗಳನ್ನೂ ಪಂಚಕೋನಗಳಿಗೆ 20 ಸೆಂಟಿಮೀಟರಿನ ಚೌಕಗಳನ್ನೂ ಕತ್ತರಿಸಿಟ್ಟುಕೊಂಡು, ಅಂಟನ್ನು ಕಾಗದಕ್ಕೆ ಸವರದೆ ಕಡ್ಡಿಗೆ ತೆಳುವಾಗಿ ಸವರಿ, ಕಾಗದವನ್ನು ಮೇಲಿಟ್ಟು ಬೆರಳಿನಿಂದ ಹೊರಕ್ಕೆ ನೀವಿರಿ. ಅಂಚನ್ನು ಒಣಗಿದ ಮೇಲೆಯೇ ಕತ್ತರಿಸಬೇಕು. ಹಸಿಯಾದ ಟಿಶ್ಯೂ ಕಾಗದ ಕತ್ತರಿಯ ಬಾಯಿಗೆ ಸಿಕ್ಕಿ ಹರಿಯುತ್ತದೆ. ಅಗ್ಗದ ಕಾಗದದ ಬಣ್ಣ ಒದ್ದೆಯಾದರೆ ಇಳಿಯುವುದರಿಂದ ಬಾಡಿಗೆಮನೆಯ ನೆಲಹಾಸಿನ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿಯೇ ಕುಳಿತುಕೊಳ್ಳಿರಿ. ಹಿಂದಿನ ಪಂಚಕೋನವನ್ನು ಮಾತ್ರ ಮೂರು ಬದಿಗಳಲ್ಲಷ್ಟೇ ಅಂಟಿಸಿದರೆ, ದೀಪವನ್ನು ಒಳಗಿಡುವುದಕ್ಕೂ ಬ್ಯಾಟರಿ ಬದಲಿಸುವುದಕ್ಕೂ ಅದೇ ಬಾಗಿಲಾಗುತ್ತದೆ.

ಕೊನೆಯದಾಗಿ ಬಾಲಗಳು. ಕಾಗದದ ಪಟ್ಟಿಯನ್ನು ಮೇಲಂಚು ಬಿಟ್ಟು ಉಳಿದೆಡೆಯೆಲ್ಲ ಸಣ್ಣ ಎಳೆಗಳಾಗಿ ಕತ್ತರಿಸಿ ಸುರುಳಿಯಾಗಿ ಸುತ್ತಿ, ಕೆಳಗಿನ ಎರಡು ಮೂಲೆಗಳಿಗೆ ಕುಚ್ಚುಗಳಂತೆ ಕಟ್ಟುತ್ತಾರೆ. ಇವಿಲ್ಲದ ನಕ್ಷತ್ರವನ್ನು ಫಿಲಿಪಿನೋ ಹಿರಿಯರು ಅಪೂರ್ಣವೆಂದೇ ಎಣಿಸುವುದುಂಟು.

ಕಿಟಕಿಯಲ್ಲಿ ತೂಗುವಾಗ

ಕಾಗದದ ಒಳಗೆ ಮೇಣದ ಬತ್ತಿಯನ್ನಾಗಲಿ ಎಣ್ಣೆಯ ಹಣತೆಯನ್ನಾಗಲಿ ಎಂದಿಗೂ ಇಡಬಾರದು. ಪರೋಲ್ ಕಟ್ಟಿದ ಮೊದಲ ತಲೆಮಾರಿನವರು ಇಟ್ಟಿದ್ದರೆಂಬುದು ಅನುಕರಣೆಗೆ ಕಾರಣವಲ್ಲ. ಎಲ್‌ಇಡಿ ಸರವನ್ನು ಕೊಳ್ಳುವಾಗ ಗುಂಡಿಯಾಕಾರದ ಸಣ್ಣ ಬ್ಯಾಟರಿಯದನ್ನು ಬಿಟ್ಟು, ಪೆನ್ಸಿಲ್ ಸೆಲ್ ಹಾಕುವ, ತಿರುಪುಮೊಳೆಯ ಮುಚ್ಚಳವುಳ್ಳದನ್ನು ಆರಿಸಿಕೊಳ್ಳಿರಿ. ಗುಂಡಿಬ್ಯಾಟರಿಯನ್ನು ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುವಷ್ಟು ಅಪಾಯವುಂಟು. ಆರು ಗಂಟೆ ಉರಿದು ತಾನೇ ಆರುವ ಏರ್ಪಾಡಿನ ಸರವಾದರೆ, ಸಂಜೆ ನಾಲ್ಕಕ್ಕೆ ಹೊತ್ತಿಸಿದರೆ ಮಲಗುವ ಹೊತ್ತಿಗೆ ಸರಿಹೋಗುತ್ತದೆ.

ಐರ್ಲೆಂಡಿನ ಮಳೆಗಾಳಿಗೆ ತೆಳುಕಾಗದ ಒಂದು ರಾತ್ರಿಯೂ ಬಾಳದು. ಆದಕಾರಣ ನಕ್ಷತ್ರದ ಸ್ಥಾನ ಕಿಟಕಿಯ ಒಳಮಗ್ಗುಲೇ. ಚಳಿಗಾಲದಲ್ಲಿ ಗಾಜಿನ ಮೇಲೆ ತೇವ ಹನಿಗಟ್ಟುವುದರಿಂದ ಗಾಜಿಗೂ ಕಾಗದಕ್ಕೂ ಒಂದು ಗೇಣು ಅಂತರವಿರಲಿ. ಹೊರಗಡೆಯೇ ತೂಗಬೇಕೆಂಬ ಹಟವಿದ್ದವರು ಟಿಶ್ಯೂವಿಗೆ ಬದಲು ಸೆಲ್ಲೋಫೇನ್ ಹಾಳೆಯನ್ನು ಹೊದಿಸಬಹುದು. ಆದರೆ ಅನೇಕ ಅಪಾರ್ಟ್‌ಮೆಂಟುಗಳ ಕರಾರಿನಲ್ಲಿ ಬಾಲ್ಕನಿಯ ಹೊರಕ್ಕೆ ಏನನ್ನೂ ತೂಗಬಾರದೆಂಬ ನಿಬಂಧನೆಯಿರುತ್ತದೆಂಬುದನ್ನು ಮೊದಲು ನೋಡಿಕೊಳ್ಳುವುದು ವಿವೇಕ. ಕಿಟಕಿಯೊಳಗಿನ ದೀಪ ಈ ದೇಶಕ್ಕೂ ಹೊಸತಲ್ಲ. ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಕಿಟಕಿಯಲ್ಲಿ ಒಂದು ದೀಪವಿಟ್ಟು, ತಂಗಲು ಎಡೆ ಕಾಣದ ಮೇರಿ ಮತ್ತು ಜೋಸೆಫರಿಗೂ ದಾರಿಹೋಕರಿಗೂ ಇಲ್ಲಿ ಆಶ್ರಯವುಂಟೆಂದು ಸಾರುವುದು ಐರಿಷ್ ಮನೆಗಳ ಹಳೆಯ ಪದ್ಧತಿ.

ಮಿಠಾಯಿಗೆ ಕಾಗದದ ಉಡುಪು

ಉಳಿದ ಕಾಗದದ ತುಂಡುಗಳಿಗೂ ಸದ್ವಿನಿಯೋಗವಿದೆ. ಬುಲಕಾನ್ ಪ್ರಾಂತದ ಸಾನ್ ಮಿಗೆಲ್ ಪಟ್ಟಣದಲ್ಲಿ, ಎಮ್ಮೆಯ ಹಾಲನ್ನು ಸಕ್ಕರೆಯೊಡನೆ ಬತ್ತಿಸಿ ಮಾಡುವ ಪಸ್ತಿಯಾಸ್ ಎಂಬ ಮಿಠಾಯಿಯನ್ನು, ಕತ್ತರಿಯಿಂದ ಚಿತ್ರ ಬಿಡಿಸಿದ ಬಣ್ಣದ ತೆಳುಕಾಗದದಲ್ಲಿ ಸುತ್ತುವ ಪಬಲಾತ್ ಎಂಬ ಕಲೆಯುಂಟು. ಕಾಗದದ ಅರ್ಧದಲ್ಲಿ ಮಿಠಾಯಿ ಅಡಗಿ, ಉಳಿದರ್ಧ ಹೂ, ಗುಡಿಸಲು, ಗದ್ದೆಯಲ್ಲಿ ದುಡಿಯುವ ರೈತ ಮೊದಲಾದ ರಂಧ್ರಚಿತ್ರಗಳಿಂದ ಕೂಡಿ ಜಾಲರಿಯಂತೆ ಇಳಿಬೀಳುತ್ತದೆ. ಲುಜ್ ಒಕಾಂಪೊ ಎಂಬ ಹಿರಿಯ ಮಹಿಳೆ ಈ ಕಲೆಯನ್ನು ಮುಂದಿನವರಿಗೆ ಕಲಿಸಿ ಪ್ರಸಿದ್ಧರಾದರು.

ಮನೆಯಲ್ಲಿ ಪ್ರಯತ್ನಿಸುವವರು 12 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಉದ್ದದ ಮೂರು ನಾಲ್ಕು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಉದ್ದಕ್ಕೆ ಮಡಿಸಿ, ಅಂಚಿನಲ್ಲಿ ಪಿನ್ನು ಹೊಡೆದು, ಮೇಲಿನ 10 ಸೆಂಟಿಮೀಟರನ್ನು ಮಿಠಾಯಿಗೆಂದು ಬಿಟ್ಟು, ಕೆಳಗಿನ ಭಾಗದಲ್ಲಿ ಅರ್ಧಚಿತ್ರವನ್ನು ಬರೆದು ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ ಬಿಡಿಸಬೇಕು. ಮಡಿಕೆಯ ಗೆರೆಯನ್ನು ಪೂರಾ ಕತ್ತರಿಸಿಬಿಟ್ಟರೆ ಕಾಗದ ಎರಡಾಗುತ್ತದೆಂಬುದೊಂದೇ ಇಲ್ಲಿಯ ನಿಯಮ. ನಮ್ಮ ರಂಗವಲ್ಲಿಯ ಕಲಶ, ತಾವರೆ, ಜೋಡಿಹಂಸಗಳು ಸಹಜವಾಗಿಯೇ ಎಡಬಲ ಸಮವಾಗಿರುವ ಆಕೃತಿಗಳಾದುದರಿಂದ ಈ ಮಡಿಕೆಗೆ ಹೇಳಿ ಮಾಡಿಸಿದಂತಿವೆ.

ಮಿಠಾಯಿಯೂ ಕಷ್ಟದ್ದಲ್ಲ. ಒಂದು ಡಬ್ಬಿ ಕಂಡೆನ್ಸ್ಡ್ ಮಿಲ್ಕಿಗೆ ಮೊದಲು ಎರಡು ಬಟ್ಟಲು ಹಾಲುಪುಡಿ ಸೇರಿಸಿ, ಮುದ್ದೆ ಕೈಗೆ ಅಂಟದಂತಾಗುವವರೆಗೆ ಇನ್ನಷ್ಟು ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ, ಕಿರುಬೆರಳಿನ ಗಾತ್ರಕ್ಕೆ ಹೊಸೆದು ಸಕ್ಕರೆಯಲ್ಲಿ ಹೊರಳಿಸಿದರೆ ಒಲೆಯನ್ನೇ ಹಚ್ಚದೆ ಪಸ್ತಿಯಾಸ್ ಆಗುತ್ತದೆ. ಧಾರವಾಡದ ಪೇಡೆಯನ್ನು ಈ ಉಡುಪಿನಲ್ಲಿ ಸುತ್ತಿ ಕೊಟ್ಟರೂ ಅಭ್ಯಂತರವಿಲ್ಲ. ಬಣ್ಣದ ಕಾಗದ ತಿನಿಸಿಗೆ ನೇರವಾಗಿ ತಾಗದಂತೆ ಒಳಗೊಂದು ಬೆಣ್ಣೆಕಾಗದ ಇರಲಿ.

ಅತಿಥಿಗಳಾಗಿ ಹೋಗುವವರಿಗೆ

ಫಿಲಿಪಿನೋ ಮನೆಯಲ್ಲಿ ತಮಗಿಂತ ಹಿರಿಯಳನ್ನು ಆತೆ ಎಂದೂ ಹಿರಿಯನನ್ನು ಕುಯಾ ಎಂದೂ ಕರೆಯುತ್ತಾರೆ. ಅಕ್ಕ, ಅಣ್ಣ ಎನ್ನುತ್ತ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಕಲಿಸಲು ಎರಡು ನಿಮಿಷ ಸಾಕು. ಮನೆಯ ವೃದ್ಧರನ್ನು ಕಂಡಾಗ ಕಿರಿಯರು ಅವರ ಕೈಯನ್ನು ಹಿಡಿದು ತಮ್ಮ ಹಣೆಗೆ ಮುಟ್ಟಿಸಿಕೊಳ್ಳುವ ಮಾನೊ ಎಂಬ ನಮಸ್ಕಾರಕ್ರಮವಿದೆ. ಅತಿಥಿಗಳಿಂದ ಇದನ್ನು ಯಾರೂ ನಿರೀಕ್ಷಿಸುವುದಿಲ್ಲ. ಮಕ್ಕಳು ತಾವಾಗಿ ಮಾಡಿದರೆ ಹಿರಿಯರಿಗೆ ಪರಮಸಂತೋಷ.

ಶಾಕಾಹಾರಿಗಳು ಸಂಕೋಚಪಡದೆ ಮುಂಚಿತವಾಗಿಯೇ ತಿಳಿಸುವುದು ಇಬ್ಬರಿಗೂ ಹಿತ. ಹಬ್ಬದ ಮೇಜಿನ ಪ್ರಧಾನಭಕ್ಷ್ಯಗಳಲ್ಲಿ ಹಂದಿಯ ಮಾಂಸದ್ದೇ ಮೇಲುಗೈ. ಪನ್ಸಿತ್ ಎಂಬ ಶಾವಿಗೆಯಲ್ಲಿ ಸಾಮಾನ್ಯವಾಗಿ ಮಾಂಸವೋ ಸೀಗಡಿಯೋ ಇರುತ್ತದೆ. ಬಿಬಿಂಗ್ಕಾದಲ್ಲೂ ಲೆಚೆ ಫ್ಲಾನ್ ಎಂಬ ಹಾಲಿನ ಸಿಹಿಯಲ್ಲೂ ಮೊಟ್ಟೆಯುಂಟು. ಅಂಟಕ್ಕಿ, ತೆಂಗಿನಹಾಲು, ಕಂದುಸಕ್ಕರೆಗಳಿಂದ ಮಾಡುವ ಬಿಕೊ ಮಾತ್ರ ನಿರಾತಂಕವಾಗಿ ತಿನ್ನಬಹುದಾದ ಸಿಹಿ. ನಮ್ಮ ಕಡೆಯಿಂದ ಒಂದು ಪಾತ್ರೆ ಪುಳಿಯೋಗರೆಯನ್ನೋ ಹೋಳಿಗೆಯನ್ನೋ, ಮಂಗಳೂರಿನ ಕ್ರೈಸ್ತರ ಮನೆಯಾದರೆ ಕುಸ್ವಾರ್ ಎಂಬ ಕ್ರಿಸ್ಮಸ್ ತಿನಿಸುಗಳ ತಟ್ಟೆಯನ್ನೋ ಒಯ್ಯುವುದು ಯೋಗ್ಯ. ಹೊರಡುವಾಗ ಆತಿಥೇಯರು ಉಳಿದ ತಿನಿಸುಗಳನ್ನು ಕಟ್ಟಿಕೊಡುತ್ತಾರೆ. ಬೇಡವೆಂದು ಜಗ್ಗಾಡುವುದು ಅಲ್ಲಿ ಶಿಷ್ಟಾಚಾರವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಸ್ಪತ್ರೆಯಲ್ಲಿ ದುಡಿಯುವವರಿಗೆ ಹಬ್ಬದ ದಿನವೆಂಬುದು ಪಾಳಿಯ ಪಟ್ಟಿಯನ್ನು ಅವಲಂಬಿಸಿರುವುದರಿಂದ, ಅವರಿಗೆ ಬಿಡುವಾದ ದಿನವೇ ಹಬ್ಬವೆಂದು ತಿಳಿದು ದಿನಾಂಕವನ್ನು ಅವರಿಗೇ ಬಿಡಬೇಕು.

ತಿಂಗಳ ಪಂಚಾಂಗ

ನವೆಂಬರಿನ ಕೊನೆಯ ವಾರದಲ್ಲಿ ಬಿದಿರನ್ನೂ ಕಾಗದವನ್ನೂ ಕೂಡಿಸಿಕೊಳ್ಳಿರಿ. ಡಿಸೆಂಬರಿನ ಮೊದಲ ಶನಿವಾರ ಚೌಕಟ್ಟು, ಭಾನುವಾರ ಕಾಗದ. ಡಿಸೆಂಬರ್ 8 ಹಳ್ಳಿಗಾಡಿನವರು ಡಬ್ಲಿನ್ನಿಗೆ ಬಂದು ಹಬ್ಬದ ಖರೀದಿ ಮಾಡುವ ಸಂಪ್ರದಾಯದ ದಿನವಾದುದರಿಂದ ನಗರಮಧ್ಯಕ್ಕೆ ಹೋಗುವ ಕೆಲಸವನ್ನು ಅದಕ್ಕೆ ಮುಂಚೆ ಮುಗಿಸಿರಿ. ಅಂಟಕ್ಕಿ, ತೆಂಗಿನಹಾಲುಗಳಿಗೆ ಮೂರ್ ಸ್ಟ್ರೀಟಿನ ಏಷ್ಯದ ದಿನಸಿ ಅಂಗಡಿಗಳು ಅನುಕೂಲವಾಗಿವೆ.

15ರ ಸಂಜೆಗೆ ನಕ್ಷತ್ರ ಸಿದ್ಧವಾಗಿರಬೇಕು. ಮನಿಲಾದ ಗಡಿಯಾರ ಇಲ್ಲಿಗಿಂತ ಎಂಟು ಗಂಟೆ ಮುಂದಿರುವುದರಿಂದ, ಸ್ಯಾಂಟ್ರಿಯಲ್ಲಿ 15ರ ರಾತ್ರಿ ಎಂಟಾದಾಗ ಅಲ್ಲಿ 16ರ ನಸುಕಿನ ನಾಲ್ಕು. ಮೊದಲ ಸಿಂಬಾಂಗ್ ಗಾಬಿಯ ಗಂಟೆ ಬಾರಿಸುವ ಹೊತ್ತು. ವಿದೇಶಗಳಲ್ಲಿ ನೆಲೆಸಿದ ಫಿಲಿಪಿನೋ ಸಮುದಾಯಗಳು ಈ ಪೂಜೆಯನ್ನು ಬಹುಮಟ್ಟಿಗೆ ಸಂಜೆಯಲ್ಲೇ ನಡೆಸಿಕೊಳ್ಳುವುದು ಕೆಲಸದ ಅನುಕೂಲಕ್ಕಾದರೂ, ಗಡಿಯಾರದ ಲೆಕ್ಕದಲ್ಲಿ ಅದು ತಾಯ್ನಾಡಿನ ನಸುಕಿಗೆ ಹೊಂದಿಕೊಳ್ಳುತ್ತದೆ. ಎಲ್ಲಿ, ಎಂದು ಎಂಬುದನ್ನು ಚರ್ಚಿನ ಸೂಚನಾಫಲಕದಿಂದಾಗಲಿ ನೆರೆಯವರಿಂದಾಗಲಿ ವಿಚಾರಿಸಿಕೊಳ್ಳಬಹುದು.

24ರಂದು ದೂರದ ಬಂಧುಗಳಿಗೆ ಕರೆಮಾಡುವವರು ಈ ಲೆಕ್ಕವನ್ನು ನೆನಪಿಡಿರಿ: ಇಲ್ಲಿ ಸಂಜೆ ನಾಲ್ಕಕ್ಕೆ ಮನಿಲಾದಲ್ಲಿ ನಡುರಾತ್ರಿ; ಇಲ್ಲಿ ಆರೂವರೆಗೆ ಮಂಗಳೂರಿನಲ್ಲಿ ನಡುರಾತ್ರಿ. ಒಂದೇ ಸಂಜೆ ಎರಡು ಕ್ರಿಸ್ಮಸ್ಸುಗಳನ್ನು ದೂರವಾಣಿಯಲ್ಲಿ ಹಾರೈಸಿ, ಮೂರನೆಯದಕ್ಕೆ ಇನ್ನೂ ಹೊತ್ತು ಉಳಿಯುತ್ತದೆ. 25ರಂದು ಬಸ್ಸುಗಳೂ ರೈಲುಗಳೂ ಓಡುವುದಿಲ್ಲ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಡಬ್ಲಿನ್ ವಿಮಾನನಿಲ್ದಾಣದಿಂದ ಪ್ರಯಾಣಿಕರ ವಿಮಾನ ಹಾರುವುದೂ ಇಲ್ಲ. ಹಾಲು, ತರಕಾರಿ, ಔಷಧಿಗಳನ್ನು ಹಿಂದಿನ ದಿನವೇ ತಂದಿಟ್ಟುಕೊಂಡು, ಕಾರಿಲ್ಲದ ಸ್ನೇಹಿತರಿಗೆ ಅಂದು ಪಾಳಿಯಿದ್ದರೆ ಬೋಮಾಂಟಿನವರೆಗೆ ಬಿಟ್ಟುಬರುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಿರಿ. ಹಬ್ಬದ ಯಾವ ಉಡುಗೊರೆಯೂ ಇದಕ್ಕಿಂತ ಹೆಚ್ಚು ಉಪಕಾರದ್ದಲ್ಲ. 26 ಸಂತ ಸ್ಟೀಫನ್ನನ ದಿನ. ಅಂದೂ ಸಾರ್ವಜನಿಕ ರಜೆ.

ಜನವರಿ 6ರ ಬಳಿಕ

ಮೂವರು ರಾಜರ ಹಬ್ಬವೆಂದು ಫಿಲಿಪೀನ್ಸಿನಲ್ಲೂ, ಹೆಂಗಸರ ಕ್ರಿಸ್ಮಸ್ಸೆಂದು ಐರ್ಲೆಂಡಿನಲ್ಲೂ ಪರಂಪರೆಯಿಂದ ನಡೆದುಬಂದಿರುವ ಜನವರಿ 6ರಂದು ಅಲಂಕಾರಗಳನ್ನು ಇಳಿಸುವುದು ಇಲ್ಲಿಯ ವಾಡಿಕೆ. ನಕ್ಷತ್ರವನ್ನು ಇಳಿಸಿದ ಮೇಲೆ ಬ್ಯಾಟರಿಗಳನ್ನು ತೆಗೆದು, ಕಸದ ತೊಟ್ಟಿಗೆ ಹಾಕದೆ ಅಂಗಡಿಗಳಲ್ಲಿಟ್ಟಿರುವ ಬ್ಯಾಟರಿ ಸಂಗ್ರಹದ ಪೆಟ್ಟಿಗೆಗೆ ಒಪ್ಪಿಸಿರಿ. ಹೊಳಪಿನ ಪುಡಿ ಅಥವಾ ಲೋಹದ ಲೇಪವಿರುವ ಉಡುಗೊರೆಯ ಕಾಗದ ಮರುಬಳಕೆಗೆ ಬಾರದು. ಮುಷ್ಟಿಯಲ್ಲಿ ಮುದುಡಿ ಬಿಟ್ಟಾಗ ಮುದುಡಿದಂತೆಯೇ ಉಳಿಯುವ ಸಾದಾ ಕಾಗದ ಬರುತ್ತದೆ.

ಬಿದಿರಿನ ಚೌಕಟ್ಟನ್ನು ಮಾತ್ರ ಎಸೆಯಬಾರದು. ಐದು ಗೂಟಗಳನ್ನು ಬಿಡಿಸಿದರೆ ಅದು ಮತ್ತೆ ಚಪ್ಪಟೆಯಾಗಿ ಬೀರುವಿನ ಹಿಂದೆ ನಿಲ್ಲುತ್ತದೆ. ಹರಿದ ಕಾಗದವನ್ನು ಒದ್ದೆಬಟ್ಟೆಯಿಂದ ಒರೆಸಿದರೆ ಹಿಟ್ಟಿನ ಅಂಟು ಸುಲಭವಾಗಿ ಬಿಡುತ್ತದೆ. ಮುಂದಿನ ದೀಪಾವಳಿಗೆ ಅದಕ್ಕೇ ಹಳದಿ ಕೆಂಪು ಕಾಗದ ಹೊದಿಸಿದರೆ ಗೂಡುದೀಪ, ಡಿಸೆಂಬರಿನಲ್ಲಿ ಬೇರೆ ಬಣ್ಣ ಹೊದಿಸಿದರೆ ಪರೋಲ್. ಹೀಗೆ ಮೂರು ಕೋಲುಗಳ ಖರ್ಚಿನಲ್ಲಿ ಎರಡು ದೇಶಗಳ ಹಬ್ಬಗಳು ವರ್ಷವರ್ಷವೂ ಒಂದೇ ಕಿಟಕಿಯಲ್ಲಿ ಸಾಗುತ್ತವೆ. ಮೊದಲ ವರ್ಷ ನೀವು ನೆರೆಯವರ ಮೇಜಿನ ಬಳಿ ಕಲಿತಿರಿ. ದೀಪಾವಳಿಗೆ ಅಂಟು ಕಾಯಿಸುವ ದಿನ ಅವರನ್ನು ಕರೆದು ಕೂರಿಸಿಕೊಳ್ಳುವ ಸರದಿ ನಿಮ್ಮದು.